ಉಗಿಬಂಡಿ ವೇಷದ ರೈಲಿನಲ್ಲಿ ಏಕತಾ ನಗರಕ್ಕೆ

ಇಂಜಿನ್ ವಿದ್ಯುತ್ತಿನದು, ಹಾದಿ ಮಾತ್ರ ನಿಜವಾದ ಉಗಿಬಂಡಿಗಳು ಓಡಿದ ಹಾದಿ

ಅಹಮದಾಬಾದ್: ಈ ಸಲದ ವಿಹಾರ ಎಲ್ಲಿಗೆ? ಹೊರನಾಡಿನ ಯಾವುದೇ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವ ಪ್ರಶ್ನೆಯಿದು. ಹಿರಿಯರಿಗೆ ಬೆಟ್ಟ ಹತ್ತಲಾಗದು. ಮಕ್ಕಳಿಗೆ ಇನ್ನೊಂದು ದೇವಸ್ಥಾನ ಬೇಡ. ಆ ಒಂದು ದಿನವಾದರೂ ಅಡುಗೆಮನೆಯ ಗೊಡವೆ ಇರಬಾರದೆಂಬುದು ಮಹಿಳಾ ವಿಭಾಗದ ಬೇಡಿಕೆ. ಖರ್ಚು ಕೈ ಮೀರಬಾರದೆಂಬುದು ಕೋಶಾಧಿಕಾರಿಗಳ ಎಚ್ಚರಿಕೆ. ಇವೆಲ್ಲವನ್ನೂ ಸರಿದೂಗಿಸುವ ಹೊತ್ತಿಗೆ ಸಭೆಯ ಚಹಾ ಆರಿ ತಣ್ಣಗಾಗಿರುತ್ತದೆ.

ಮಣಿನಗರ, ವಡೋದರ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಮುಂದೆ 2023ರ ಕೊನೆಯಲ್ಲಿ ಇದಕ್ಕೊಂದು ಹೊಸ ಉತ್ತರ ಬಂತು. ಆ ವರ್ಷದ ಅಕ್ಟೋಬರ್ 31ರಂದು, ಸರ್ದಾರ್ ವಲ್ಲಭಭಾಯಿ ಪಟೇಲರ ಜನ್ಮದಿನದಂದು, ಪ್ರಧಾನಿ ನರೇಂದ್ರ ಮೋದಿ ಅವರು ಏಕತಾ ನಗರದಲ್ಲಿ ಒಂದು ಪಾರಂಪರಿಕ ರೈಲಿಗೆ ಹಸಿರು ನಿಶಾನೆ ತೋರಿದರು. ನವೆಂಬರ್ 5ರಿಂದ ಅದು ಭಾನುವಾರಗಳಂದು ಅಹಮದಾಬಾದ್ ಮತ್ತು ಏಕತಾ ನಗರಗಳ ನಡುವಿನ ಸುಮಾರು 182 ಕಿ.ಮೀ. ದಾರಿಯಲ್ಲಿ ಓಡತೊಡಗಿತು. ಬೆಳಗ್ಗೆ 6.10ಕ್ಕೆ ಅಹಮದಾಬಾದ್ ಬಿಟ್ಟು 9.50ಕ್ಕೆ ಏಕತಾ ನಗರ ತಲುಪುವುದು, ರಾತ್ರಿ ಎಂಟು ಗಂಟೆಯ ಬಳಿಕ ಅಲ್ಲಿಂದ ಹೊರಟು ನಡುರಾತ್ರಿಯ ಸುಮಾರಿಗೆ ಅಹಮದಾಬಾದಿಗೆ ಮರಳುವುದು ಎಂಬುದು ಆರಂಭದ ವೇಳಾಪಟ್ಟಿ. ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವ, ವಸತಿಯ ಚಿಂತೆಯಿಲ್ಲದ ಏಕದಿನ ವಿಹಾರ.

ಬಂಡಿಯ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ಎಲ್ಲರ ಕಣ್ಣು ಹೋದದ್ದು ಇಂಜಿನ್‌ನ ಮೇಲೆ. ಕಪ್ಪು ಬಣ್ಣ, ಮುಂದೆ ಚಾಚಿದ ದುಂಡನೆಯ ಬಾಯ್ಲರ್, ತಲೆಯ ಮೇಲೆ ಚಿಮಣಿ. ಕಲ್ಲಿದ್ದಲಿನ ಗಾಡಿಯಲ್ಲಿ ಊರು ಬಿಟ್ಟು ಬಂದ ಹಿರಿಯರಿಗೆ ಅರೆಗಳಿಗೆ ಹಳೆಯ ಕಾಲವೇ ಎದುರು ಬಂದು ನಿಂತಂತೆ ತೋರಿದರೆ ಆಶ್ಚರ್ಯವಿಲ್ಲ.

ವೇಷ ಕಟ್ಟಿದ ಇಂಜಿನ್

ಆದರೆ ಹತ್ತುವ ಮುನ್ನವೇ ತಿಳಿದಿರಬೇಕಾದ ಮಾತೊಂದಿದೆ. ಇದು ಉಗಿ ಇಂಜಿನ್ ಅಲ್ಲ. ಉಗಿ ಇಂಜಿನ್‌ನ ವೇಷ ಕಟ್ಟಿದ ವಿದ್ಯುತ್ ಇಂಜಿನ್. ಯಕ್ಷಗಾನ ನೋಡಿ ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿರೀಟ, ಭುಜಕೀರ್ತಿ ಎಲ್ಲವೂ ಇವೆ, ಒಳಗಿರುವವರು ಮಾತ್ರ ಬೇರೆ. ಮೇಲಿನ 25,000 ವೋಲ್ಟ್ ತಂತಿಯಿಂದ ಶಕ್ತಿ ಪಡೆದು ಓಡುವ ಈ ಇಂಜಿನ್‌ಗೆ ಬೆಂಕಿಯ ಗೂಡು ಬೇಡ, ನೀರು ಬೇಡ, ಕಲ್ಲಿದ್ದಲು ಎರಚುವ ಕೈಯೂ ಬೇಡ.

ನಿಜವಾದ ಉಗಿ ಇಂಜಿನ್‌ನ ಕೆಲಸವೇ ಬೇರೆ. ಗಾಡಿ ಹೊರಡುವುದಕ್ಕೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹೊತ್ತಿಸಬೇಕು. ಬೆಂಕಿಯ ಬಿಸಿ ಗಾಳಿ ಬಾಯ್ಲರಿನ ಕೊಳವೆಗಳ ಮೂಲಕ ಹಾದು ಸುತ್ತಲಿನ ನೀರನ್ನು ಕುದಿಸಬೇಕು. ಒತ್ತಡ ಏರಿದ ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ತಳ್ಳಬೇಕು, ಅದರ ಸರಳು ಗಾಲಿಯನ್ನು ತಿರುಗಿಸಬೇಕು. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ರಭಸವಾಗಿ ಹೊರಹೋಗುವಾಗ ಕೇಳುವ ಸದ್ದನ್ನೇ ಮಕ್ಕಳು ‘ಚುಕುಬುಕು’ ಎಂದು ಹಾಡಿದ್ದು. ಎರಡು ಸಿಲಿಂಡರಿನ ಇಂಜಿನ್‌ನಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಆ ಸದ್ದು ನಾಲ್ಕು ಸಲ ಬರುತ್ತದೆ. ಹೊರಹೋಗುವ ಆ ಉಗಿಯೇ ಬೆಂಕಿಗೆ ಗಾಳಿಯನ್ನೂ ಎಳೆದು ಕೊಡುತ್ತದೆ. ಗಾಡಿ ಜೋರಾಗಿ ಎಳೆದಷ್ಟೂ ಬೆಂಕಿ ತಾನಾಗಿ ಜೋರಾಗುವ ಸರಳ ಏರ್ಪಾಡು ಅದು.

ಇದನ್ನೆಲ್ಲ ನಡೆಸಲು ಚಾಲಕರ ಜೊತೆಗೆ ಫೈರ್‌ಮನ್‌ಗಳು ಬೇಕು. ದಾರಿಯುದ್ದಕ್ಕೂ ನೀರು ತುಂಬುವ ಕಂಬಗಳು, ಬೂದಿ ಸುರಿಯುವ ಗುಂಡಿಗಳು, ಕಲ್ಲಿದ್ದಲಿನ ದಾಸ್ತಾನು ಬೇಕು. ಬಾಯ್ಲರಿನ ತಪಾಸಣೆ ಬಲ್ಲ ನುರಿತವರು ಬೇಕು. ಭಾರತದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಇಂಜಿನ್‌ಗಳ ನಿತ್ಯ ಸಂಚಾರ 1995ರಲ್ಲಿ ಕೊನೆಗೊಂಡಿತು. ಅದರೊಂದಿಗೆ ಈ ಏರ್ಪಾಡುಗಳೂ ಈ ಕಸುಬೂ ಮುಖ್ಯ ಮಾರ್ಗಗಳಿಂದ ಮರೆಯಾದವು. ಚಿತ್ತರಂಜನ್ ಕಾರ್ಖಾನೆ 1950ರಲ್ಲಿ ತನ್ನ ಮೊದಲ ಉಗಿ ಇಂಜಿನ್ ಹೊರತಂದಿತ್ತು. 1970ರ ದಶಕದ ಆರಂಭದಲ್ಲೇ ಅಲ್ಲಿ ಉಗಿ ಇಂಜಿನ್ ಕಟ್ಟುವುದು ನಿಂತಿತ್ತು.

ಪಾರಂಪರಿಕ ಬಂಡಿಯ ಡಬ್ಬಿಗಳ ಒಳಗಿನ ಸೊಗಸಿಗೆ ಕುಂದಿಲ್ಲ. ತೇಗದ ಮರದ ಒಳಾಲಂಕಾರ, ಮೆತ್ತನೆಯ ಸೋಫಾ ಆಸನಗಳು, ಒಂದೊಂದು ಡಬ್ಬಿಯಲ್ಲಿ 48ರಂತೆ ಮೂರು ಡಬ್ಬಿಗಳಲ್ಲಿ ಒಟ್ಟು 144 ಆಸನಗಳು, ಜೊತೆಗೆ ಏಕಕಾಲಕ್ಕೆ 28 ಮಂದಿ ಕೂತು ಉಣ್ಣಬಹುದಾದ ಹವಾನಿಯಂತ್ರಿತ ಭೋಜನದ ಡಬ್ಬಿ. ಒಂದು ಮಧ್ಯಮ ಗಾತ್ರದ ಸಂಘದ ವಿಹಾರಕ್ಕೆ ಒಂದು ಡಬ್ಬಿ ಹೇಳಿ ಮಾಡಿಸಿದಂತಿದೆ.

ಮಿರಜ್‌ನಲ್ಲಿ ಗಾಡಿ ಬದಲಿ

ಗುಜರಾತಿನ ಕನ್ನಡಿಗರಿಗೆ ಉಗಿಬಂಡಿ ಎಂದರೆ ಬರಿಯ ಯಂತ್ರವಲ್ಲ, ಊರಿನ ದಾರಿ. ಹೋಟೆಲು ಉದ್ಯಮಕ್ಕೆಂದು, ಬಟ್ಟೆ ಗಿರಣಿಗಳಿಗೆಂದು, ಬ್ಯಾಂಕು, ತೈಲ ನಿಗಮ, ಬಾಹ್ಯಾಕಾಶ ಕೇಂದ್ರದ ನೌಕರಿಗೆಂದು 1950, 60, 70ರ ದಶಕಗಳಲ್ಲಿ ಇಲ್ಲಿಗೆ ಬಂದವರ ಪಯಣ ಇಂದಿನಷ್ಟು ಸಲೀಸಾಗಿರಲಿಲ್ಲ. ಊರಿಗೆ ಹೋಗಬೇಕೆಂದರೆ ಮೊದಲು ಮುಂಬಯಿ ಸೇರಬೇಕು, ಅಲ್ಲಿ ನಿಲ್ದಾಣ ಬದಲಿಸಬೇಕು, ಬಳಿಕ ಪುಣೆಯ ಗಾಡಿ. ಪುಣೆಯಿಂದ ಮುಂದಕ್ಕೆ ಹಳಿಯ ಅಗಲವೇ ಬೇರೆ. ಬ್ರಾಡ್‌ಗೇಜ್ ಗಾಡಿಯಿಂದ ಸಾಮಾನೆಲ್ಲ ಇಳಿಸಿ ಮೀಟರ್‌ಗೇಜ್ ಗಾಡಿಗೆ ಏರಿಸಬೇಕಿತ್ತು. 1971ರಲ್ಲಿ ಪುಣೆ–ಮಿರಜ್–ಕೊಲ್ಲಾಪುರ ಹಳಿ ಬ್ರಾಡ್‌ಗೇಜ್ ಆದ ಮೇಲೆ ಈ ಬದಲಿ ಮಿರಜ್‌ಗೆ ವರ್ಗವಾಯಿತು.

ಟ್ರಂಕು, ಹಾಸಿಗೆಯ ಸುರುಳಿ, ನೀರಿನ ಕೂಜಾ, ಸೊಂಟದಲ್ಲೊಂದು ಕೂಸು. ಒಂದು ಕೈಯಲ್ಲಿ ಬುತ್ತಿಯ ಗಂಟು. ಮಿರಜ್ ಪ್ಲಾಟ್‌ಫಾರ್ಮಿನಲ್ಲಿ ಇವಿಷ್ಟನ್ನೂ ಎಣಿಸಿ ನೋಡಿಕೊಂಡು ಇನ್ನೊಂದು ಗಾಡಿ ಹಿಡಿದ ನೆನಪು ಆ ತಲೆಮಾರಿನ ಎಷ್ಟೋ ಮನೆಗಳಲ್ಲಿದೆ. ಅಲ್ಲಿಂದ ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ ಎಂದು ನಿಲ್ದಾಣದ ಕನ್ನಡ ಫಲಕಗಳನ್ನು ಓದುತ್ತಾ ಹೋಗುವುದೇ ಅರ್ಧ ಊರು ಸೇರಿದಂತೆ. ಕಿಟಕಿಯಿಂದ ತಲೆ ಹೊರಗೆ ಹಾಕಿದ ಮಕ್ಕಳ ಕಣ್ಣಿಗೆ ಇದ್ದಿಲ ಕಿಡಿ. ಸೆರಗಿನ ತುದಿಯನ್ನು ಸುರುಳಿ ಮಾಡಿ ಬಾಯಿಂದ ಊದಿ ಬೆಚ್ಚಗೆ ಮಾಡಿ ಕಣ್ಣಿಗೊತ್ತುವ ತಾಯಿ. ಬೆಳ್ಳಗಿನ ಅಂಗಿ ಹಾಕಿಕೊಂಡು ಹೊರಟವರು ಊರು ಮುಟ್ಟುವಾಗ ಅಂಗಿಗೆ ಬೇರೆಯದೇ ಬಣ್ಣ. ದಕ್ಷಿಣ ಕನ್ನಡದವರಿಗೆ ರೈಲು ಇಳಿದರೂ ಪ್ರಯಾಣ ಮುಗಿಯುತ್ತಿರಲಿಲ್ಲ, ಘಟ್ಟ ಇಳಿಯುವ ಬಸ್ಸಿನ ದಾರಿ ಇನ್ನೂ ಉಳಿದಿರುತ್ತಿತ್ತು.

1990ರ ದಶಕದಲ್ಲಿ ಮಿರಜ್–ಹುಬ್ಬಳ್ಳಿ–ಬೆಂಗಳೂರು ಹಳಿ ಬ್ರಾಡ್‌ಗೇಜ್ ಆಯಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆಯಿತು. ಈಗ ಅಹಮದಾಬಾದ್ ಮಾರ್ಗವಾಗಿ ಬೆಂಗಳೂರಿಗೂ, ಕರಾವಳಿಗೂ ನೇರ ಗಾಡಿಗಳಿವೆ. ಮಿರಜ್‌ನಲ್ಲಿ ಟ್ರಂಕು ಎಣಿಸಿದ ತಲೆಮಾರು ಈಗ ಎಪ್ಪತ್ತು, ಎಂಬತ್ತರ ಅಂಚಿನಲ್ಲಿದೆ. ಅವರ ಮೊಮ್ಮಕ್ಕಳು ಕಂಡ ಉಗಿಬಂಡಿ ಎಂದರೆ ಚಿತ್ರಪುಸ್ತಕದ್ದು. ಮಣಿನಗರದ ಮಕ್ಕಳಿಗಾದರೆ ಮನೆಯ ಹತ್ತಿರದ ಕಾಂಕರಿಯಾ ಕೆರೆಯ ಸುತ್ತ 2008ರಲ್ಲಿ ಆರಂಭವಾದ ಮಕ್ಕಳ ರೈಲೇ ಮೊದಲ ರೈಲು. ಹೀಗಾಗಿ ಏಕತಾ ನಗರದ ಪಯಣದಲ್ಲಿ ಇಂಜಿನ್ ಯಾವುದು ಎಂಬುದಕ್ಕಿಂತ ಡಬ್ಬಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದೇ ಹೆಚ್ಚಿನ ಮಾತು.

ಮಣಿನಗರದಿಂದ ವಡೋದರದವರೆಗೆ

ಬಂಡಿ ಹೊರಡುವುದು ಕಾಲುಪುರದ ಅಹಮದಾಬಾದ್ ಜಂಕ್ಷನ್‌ನಿಂದ. ಮಣಿನಗರದವರು ಬೆಳಗಿನ ಜಾವವೇ ಎದ್ದು ರಿಕ್ಷಾ ಹಿಡಿದು ಅಲ್ಲಿಗೆ ಹೋಗಬೇಕು. ಕೆಲವೇ ನಿಮಿಷಗಳಲ್ಲಿ ಗಾಡಿ ಅವರದೇ ಮಣಿನಗರ ನಿಲ್ದಾಣವನ್ನು ದಾಟಿ ದಕ್ಷಿಣಕ್ಕೆ ಹೊರಡುತ್ತದೆ. ಈ ಹಳಿಯೂ ಚಿಕ್ಕ ಪ್ರಾಯದ್ದಲ್ಲ. ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪೆನಿ ಸೂರತ್‌ನಿಂದ ಅಹಮದಾಬಾದಿನವರೆಗೆ ರೈಲು ತಂದದ್ದು 1863ರಲ್ಲಿ. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ಮೊದಲ ರೈಲು ಬಂದದ್ದು ಮರುವರ್ಷ, 1864ರಲ್ಲಿ. ಎರಡೂ ನಾಡುಗಳು ರೈಲಿನ ಶಿಳ್ಳೆ ಕೇಳಿದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ.

ಮೊದಲು ಸಿಗುವ ದೊಡ್ಡ ಊರು ನಡಿಯಾದ್. 1875ರ ಅಕ್ಟೋಬರ್ 31ರಂದು ಸರ್ದಾರ್ ಪಟೇಲರು ಹುಟ್ಟಿದ ಊರಿದು. ಅವರ ಮನೆತನದ ಊರು ಕರಮ್‌ಸದ್ ಇರುವುದು ಮುಂದಿನ ಆನಂದ್ ಪಟ್ಟಣದ ಪಕ್ಕದಲ್ಲಿ. ಪಯಣದ ಕೊನೆಯಲ್ಲಿ ಕಾಣುವ ಎತ್ತರದ ಪ್ರತಿಮೆ ಯಾರದೋ ಅವರ ತೊಟ್ಟಿಲ ಊರು ದಾರಿಯ ಮೊದಲಲ್ಲೇ ಸಿಗುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಬಹುದು.

ಆನಂದ್ ಎಂದರೆ ಹಾಲು. 1946ರಲ್ಲಿ ಖೇಡಾ ಜಿಲ್ಲೆಯ ರೈತರು ಕಟ್ಟಿದ ಹಾಲು ಉತ್ಪಾದಕರ ಸಹಕಾರಿ ಒಕ್ಕೂಟವೇ ಮುಂದೆ ಅಮುಲ್ ಎಂದು ಹೆಸರಾಯಿತು. ಊರಲ್ಲಿ ಮನೆಮಾತಾಗಿರುವ ನಂದಿನಿ ಹಾಲಿನ ಹಿಂದಿರುವುದೂ ಇದೇ ಆನಂದ್ ಮಾದರಿ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಡೇರಿ ಅಭಿವೃದ್ಧಿ ಯೋಜನೆ ಆರಂಭವಾದದ್ದು ಈ ಮಾದರಿಯನ್ನು ಅನುಸರಿಸಿಯೇ. ಗುಜರಾತಿನ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ‘ಮಂಥನ್’ ಚಿತ್ರ 1976ರಲ್ಲಿ ತೆರೆ ಕಂಡಾಗ ಅದರಲ್ಲಿ ಡಾ. ರಾವ್ ಪಾತ್ರ ವಹಿಸಿದವರು ಕನ್ನಡದ ಗಿರೀಶ ಕಾರ್ನಾಡರು ಎಂಬುದೂ ಇಲ್ಲಿ ಉಲ್ಲೇಖನೀಯ.

ಎತ್ತು ಎಳೆದ ರೈಲು

ವಡೋದರ ದಾಟಿದ ಮೇಲೆ ಗಾಡಿ ಮುಂಬಯಿಯ ಮುಖ್ಯ ಹಳಿಯನ್ನು ಬಿಟ್ಟು ಪ್ರತಾಪನಗರ, ಡಭೋಯಿ ಕಡೆಗೆ ಹೊರಳುತ್ತದೆ. ವೇಷದ ಇಂಜಿನ್ ಕಂಡು ಯಾರಿಗಾದರೂ ನಿರಾಸೆಯಾಗಿದ್ದರೆ ಅದನ್ನು ತೀರಿಸುವ ಜಾಗ ಇಲ್ಲಿಂದ ಮುಂದಕ್ಕೆ ಇದೆ. ಭಾರತದ ನ್ಯಾರೋಗೇಜ್ ರೈಲಿನ ಇತಿಹಾಸ ಹುಟ್ಟಿದ ನೆಲವೇ ಇದು.

ಬರೋಡಾ ಸಂಸ್ಥಾನದ ಮಹಾರಾಜ ಖಂಡೇರಾವ್ ಗಾಯಕವಾಡರು 1862ರಲ್ಲಿ ಡಭೋಯಿಯಿಂದ ಮಿಯಾಗಾಂವ್‌ವರೆಗೆ ಸುಮಾರು 32 ಕಿ.ಮೀ. ಉದ್ದದ ಹಳಿ ಹಾಕಿಸಿದರು. ಅಗಲ ಎರಡೂವರೆ ಅಡಿ ಮಾತ್ರ. ಇಂದಿನ ಬ್ರಾಡ್‌ಗೇಜಿನ ಅರ್ಧಕ್ಕಿಂತಲೂ ಕಡಿಮೆ. ಹತ್ತಿ ಬೆಳೆಯುವ ನಾಡಿನ ಸರಕು ಮಿಯಾಗಾಂವ್‌ನಲ್ಲಿ ಮುಂಬಯಿಯ ದೊಡ್ಡ ಹಳಿಯನ್ನು ಸೇರಬೇಕಿತ್ತು. ಆ ಪುಟ್ಟ ಹಳಿಯ ಮೇಲೆ ಡಬ್ಬಿಗಳನ್ನು ಎಳೆದದ್ದು ಇಂಜಿನ್ ಅಲ್ಲ, ಎತ್ತುಗಳು!

ಮರುವರ್ಷವೇ ಗ್ಲಾಸ್ಗೋದ ನೀಲ್ಸನ್ ಕಂಪೆನಿಯ ಉಗಿ ಇಂಜಿನ್‌ಗಳು ಬಂದವು. ಆದರೆ ಹಳಿ ಅವುಗಳ ಭಾರ ತಾಳಲಿಲ್ಲ. ಗಜಕ್ಕೆ 13 ಪೌಂಡ್, ಅಂದರೆ ಮೀಟರಿಗೆ ಆರೂವರೆ ಕಿಲೋದಷ್ಟು ತೂಕದ ತೆಳು ಹಳಿ ಅದು. ಇಂದಿನ ಮುಖ್ಯ ಮಾರ್ಗಗಳ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ ಎಂದರೆ ವ್ಯತ್ಯಾಸ ತಿಳಿಯುತ್ತದೆ. ಹೀಗಾಗಿ ಮತ್ತೆ ಎತ್ತುಗಳಿಗೇ ಕೆಲಸ. 1873ರಲ್ಲಿ ಗಟ್ಟಿ ಹಳಿಗಳನ್ನು ಹಾಕಿದ ಬಳಿಕವೇ ಉಗಿಬಂಡಿ ನಿತ್ಯ ಓಡತೊಡಗಿತು. ಮುಂದಿನ ವರ್ಷಗಳಲ್ಲಿ ಡಭೋಯಿಯಿಂದ ಚಾಂದೋದ್, ವಡೋದರ ಮೊದಲಾದ ದಿಕ್ಕುಗಳಿಗೆ ಕವಲುಗಳು ಹಬ್ಬಿ, ಆ ಊರು ನ್ಯಾರೋಗೇಜ್ ಜಗತ್ತಿನ ದೊಡ್ಡ ಜಂಕ್ಷನ್ನುಗಳಲ್ಲಿ ಒಂದೆನಿಸಿತು. 1919ರಲ್ಲಿ ಪ್ರತಾಪನಗರದಲ್ಲಿ ಈ ಗಾಡಿಗಳಿಗೆಂದೇ ಕಾರ್ಖಾನೆ ಎದ್ದಿತು.

ಹಳೆ ಮೈಸೂರಿನವರಿಗೆ ಎರಡೂವರೆ ಅಡಿಯ ಹಳಿ ಹೊಸದೇನಲ್ಲ. 1910ರ ದಶಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಕಡೆ ಓಡಿದ ಪುಟ್ಟ ರೈಲಿನ ಹಳಿಯೂ ಅಷ್ಟೇ ಅಗಲದ್ದು. ಮೈಸೂರು ಮತ್ತು ಬರೋಡಾ, ಎರಡೂ ಮಾದರಿ ಸಂಸ್ಥಾನಗಳೆಂದು ಹೆಸರಾದವು. 1906ರಿಂದ 1909ರವರೆಗೆ ಮೈಸೂರಿನ ದಿವಾನರಾಗಿದ್ದ ವಿ.ಪಿ. ಮಾಧವರಾಯರು ಬಳಿಕ ಬರೋಡಾದ ದಿವಾನರೂ ಆದರು.

ಈ ಪುಟ್ಟ ಗಾಡಿಗಳು ಪ್ರವಾಸಿಗರಿಗಾಗಿ ಓಡಿದವಲ್ಲ. ಹಾಲಿನ ಕ್ಯಾನು, ತರಕಾರಿ ಬುಟ್ಟಿ, ಶಾಲೆಯ ಮಕ್ಕಳು, ಸಂತೆಗೆ ಹೋಗುವವರು ಇವರೆಲ್ಲರ ಗಾಡಿಗಳವು. ಉಗಿಯ ಬದಲು ಡೀಸೆಲ್ ಬಂತು. ಈಚಿನ ವರ್ಷಗಳಲ್ಲಿ ಒಂದೊಂದೇ ಕವಲು ಮುಚ್ಚಿತು ಅಥವಾ ಬ್ರಾಡ್‌ಗೇಜ್ ಆಯಿತು. ಡಭೋಯಿ–ಚಾಂದೋದ್ ಹಳಿಯನ್ನು ಅಗಲಗೊಳಿಸಿ, ಚಾಂದೋದ್‌ನಿಂದ ಮುಂದಕ್ಕೆ ಹೊಸ ಹಳಿ ಹಾಕಿ, ವಿದ್ಯುದೀಕರಿಸಿದ ಮಾರ್ಗ 2021ರ ಜನವರಿ 17ರಂದು ಉದ್ಘಾಟನೆಗೊಂಡಿತು. ಅಂದು ಕೇವಡಿಯಾ ಎಂದಿದ್ದ ಕೊನೆಯ ನಿಲ್ದಾಣಕ್ಕೆ ಬಳಿಕ ಏಕತಾ ನಗರವೆಂದು ಹೆಸರಾಯಿತು. ನಿಜವಾದ ಉಗಿಬಂಡಿಗಳ ಹಾದಿಯನ್ನು ಅಳಿಸಿ ಬರೆದ ಹಳಿಯ ಮೇಲೆಯೇ ಉಗಿಬಂಡಿಯ ವೇಷದ ಗಾಡಿ ಓಡಿದೆ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ, ಆದರೆ ತಿಳಿಯದೆ ದಾಟಿ ಹೋದರೆ ಮಾತ್ರ ನಷ್ಟ. ಡಭೋಯಿ ಬರುವ ಹೊತ್ತಿಗೆ ಮಕ್ಕಳ ಕೈಯಿಂದ ಮೊಬೈಲು ಇಳಿಸಿ, ಎತ್ತು ಎಳೆದ ರೈಲಿನ ಕಥೆ ಹೇಳಲು ಯಾರಾದರೊಬ್ಬ ಹಿರಿಯರು ಎದ್ದು ನಿಂತರೆ ಟಿಕೆಟಿನ ಹಣ ಅರ್ಧ ವಸೂಲಾದಂತೆ.

ನರ್ಮದೆಯ ಬಳಿ

ಚಾಂದೋದ್ ಬಂತೆಂದರೆ ನರ್ಮದೆ ಹತ್ತಿರವೆಂದು ಅರ್ಥ. ನರ್ಮದೆಗೆ ಓರಸಂಗ್ ನದಿ ಬಂದು ಸೇರುವ ಈ ಊರು ಗುಜರಾತಿಗಳ ಶ್ರಾದ್ಧ, ಪುಣ್ಯಸ್ನಾನಗಳ ಕ್ಷೇತ್ರ. ಕನ್ನಡಿಗರಿಗೆ ಈ ನದಿಯೊಡನೆ ಬೇರೊಂದು ನಂಟಿದೆ. ಏಳನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಗಡಿ ಇದೇ ನರ್ಮದೆ. ಪುಲಕೇಶಿಯ ಆ ವಿಜಯವನ್ನು ಸಾರುವ ರವಿಕೀರ್ತಿಯ ಶಾಸನ ಐಹೊಳೆಯ ಮೇಗುಟಿ ದೇಗುಲದ ಗೋಡೆಯಲ್ಲಿದೆ, ಕಾಲ ಕ್ರಿ.ಶ. 634. ಸೂರತ್‌ನ ಪಕ್ಕದ ನವಸಾರಿಯಲ್ಲೂ ಚಾಲುಕ್ಯರ ಶಾಖೆಯೊಂದು ಆಳಿತ್ತು. ಗುಜರಾತಿಗೆ ಕನ್ನಡಿಗರು ಬಂದದ್ದು ಹೋಟೆಲು ತೆರೆಯಲು ಮಾತ್ರವಲ್ಲ ಎಂದು ಸಂಘದ ರಾಜ್ಯೋತ್ಸವ ಭಾಷಣಗಳಲ್ಲಿ ಕೇಳಿದ ಮಾತನ್ನು ಇಲ್ಲಿ ಕಿಟಕಿಯಿಂದಲೇ ನೆನೆಯಬಹುದು.

ಏಕತಾ ನಗರದ ಹಗಲು

ಏಕತಾ ನಗರದಲ್ಲಿ ಇಳಿದರೆ ಸುಮಾರು ಹತ್ತು ಗಂಟೆಗಳ ಬಿಡುವು. ನಿಲ್ದಾಣದಿಂದ ಪ್ರತಿಮೆ ಕೆಲವು ಕಿಲೋಮೀಟರ್ ದೂರ. 2018ರ ಅಕ್ಟೋಬರ್ 31ರಂದು ಅನಾವರಣಗೊಂಡ ಈ ಪ್ರತಿಮೆಯ ಎತ್ತರ 182 ಮೀಟರ್, ಗುಜರಾತ್ ವಿಧಾನಸಭೆಯ ಕ್ಷೇತ್ರಗಳ ಸಂಖ್ಯೆಯೂ 182. ಎದೆಯ ಮಟ್ಟದ ವೀಕ್ಷಣಾ ಗ್ಯಾಲರಿಗೆ ಲಿಫ್ಟಿನಲ್ಲಿ ಏರಬಹುದಾದ್ದರಿಂದ ಮೊಣಕಾಲು ನೋವಿನವರೂ ಹಿಂಜರಿಯಬೇಕಾಗಿಲ್ಲ. ಇದರ ಶಿಲ್ಪಿ ರಾಮ್ ಸುತಾರ್. ಬೆಂಗಳೂರು ವಿಮಾನ ನಿಲ್ದಾಣದ ಎದುರು 2022ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ನಾಡಪ್ರಭು ಕೆಂಪೇಗೌಡರ ಪ್ರತಿಮೆಯೂ ಅವರದೇ ಕೈಚಳಕ.

ಬೀದರ, ಕಲಬುರಗಿ, ರಾಯಚೂರು ಸೀಮೆಯಿಂದ ಬಂದ ಕನ್ನಡಿಗರಿಗೆ ಇಲ್ಲಿ ನಿಂತಾಗ ನೆನಪಾಗುವುದು 1948ರ ಸೆಪ್ಟೆಂಬರ್. ಗೃಹಮಂತ್ರಿಯಾಗಿದ್ದ ಪಟೇಲರು ಹೈದರಾಬಾದಿಗೆ ಸೇನೆ ಕಳುಹಿಸಿದ್ದು ಆ ತಿಂಗಳ 13ರಂದು. 17ರಂದು ನಿಜಾಮನ ಸಂಸ್ಥಾನ ಶರಣಾಯಿತು. ರಜಾಕಾರರ ಹಾವಳಿಯ ಕಥೆ ಅಜ್ಜಿಯರ ಬಾಯಲ್ಲಿ ಕೇಳಿದವರು ಆ ಸೀಮೆಯ ಮನೆಗಳಲ್ಲಿ ಇನ್ನೂ ಇದ್ದಾರೆ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಕನ್ನಡ ನಾಡಿನೊಡನೆ ಒಂದಾಗಲು ದಾರಿಯಾದದ್ದು ಆ ದಿನದಿಂದಲೇ.

ಸಮೀಪದಲ್ಲೇ ಸರ್ದಾರ್ ಸರೋವರ ಅಣೆಕಟ್ಟು. 1961ರಲ್ಲಿ ಪಂಡಿತ ನೆಹರೂ ಅಡಿಗಲ್ಲು ಇಟ್ಟ ಈ ಯೋಜನೆ ರಾಷ್ಟ್ರಕ್ಕೆ ಸಮರ್ಪಣೆಯಾದದ್ದು 2017ರ ಸೆಪ್ಟೆಂಬರ್ 17ರಂದು. ಐದೂವರೆ ದಶಕಗಳ ಈ ಅವಧಿಯಲ್ಲಿ ಮನೆ, ಹೊಲ ಬಿಟ್ಟು ಹೋದ ಆದಿವಾಸಿ ಕುಟುಂಬಗಳ ಅಳಲೂ, ಕಛ್, ಸೌರಾಷ್ಟ್ರದವರೆಗೆ ತಲುಪಿದ ನೀರಿನ ಸಂತೋಷವೂ ಇದರೊಂದಿಗಿವೆ. ಲಿಂಗನಮಕ್ಕಿಗಾಗಿ ಶರಾವತಿ ಕಣಿವೆಯನ್ನು, ಆಲಮಟ್ಟಿಗಾಗಿ ಬಾಗಲಕೋಟೆಯ ಹಳೇ ಊರನ್ನು ಬಿಟ್ಟವರ ಬಂಧುಗಳು ಸಂಘಗಳಲ್ಲಿದ್ದರೆ ಅವರಿಗೆ ಎರಡರ ತೂಕವೂ ಗೊತ್ತು.

ಹೊರಡುವ ಮುನ್ನ

ಸಂಘಗಳು ಯೋಜನೆ ಹಾಕುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸುವುದು ಒಳಿತು. ಆರಂಭದಲ್ಲಿ ಒಂದು ಕಡೆಯ ಟಿಕೆಟಿನ ದರ 885 ರೂ. ಇತ್ತು. ಆ ಲೆಕ್ಕದಲ್ಲಿ ಹೋಗಿ ಬರಲು ತಲೆಗೆ 1,770 ರೂ.; ನಾಲ್ವರ ಕುಟುಂಬಕ್ಕೆ 7,080 ರೂ. ಪ್ರತಿಮೆಯ ಪ್ರವೇಶ, ಊಟ, ಸ್ಥಳೀಯ ಓಡಾಟ ಬೇರೆ. ಎಲ್ಲ ಮನೆಗಳಿಗೂ ಇದು ಹಗುರವಲ್ಲ. ವಿಶೇಷ ರೈಲುಗಳ ದಿನ, ವೇಳೆ, ದರ ಬದಲಾಗುವುದುಂಟು. ಆದ್ದರಿಂದ ಹಣ ಸಂಗ್ರಹಿಸುವ ಮೊದಲು ರೈಲ್ವೆಯ ಮುಂಗಡ ಕಾಯ್ದಿರಿಸುವ ಕೌಂಟರಿನಲ್ಲಿ ಖಚಿತಪಡಿಸಿಕೊಳ್ಳಬೇಕು. 2021ರಲ್ಲಿ ಮಾರ್ಗ ಉದ್ಘಾಟನೆಯಾದಾಗಲೇ ಅಹಮದಾಬಾದ್ ಮತ್ತು ಏಕತಾ ನಗರದ ನಡುವೆ ಜನಶತಾಬ್ದಿ ರೈಲೂ ಆರಂಭವಾಗಿತ್ತು. ಒಂದು ಕಡೆಗೆ ಅಂಥ ಮಾಮೂಲಿ ರೈಲು ಹಿಡಿದರೆ ಖರ್ಚು ತಗ್ಗುತ್ತದೆ. ಡಭೋಯಿಯ ಕಥೆ ಹೇಳಲು ಯಾವ ರೈಲಾದರೂ ಆದೀತು, ಹಾದಿ ಅದೇ ತಾನೆ.

ಬೇಸಗೆಯಲ್ಲಿ ಅಲ್ಲಿ ಬಿಸಿಲು ಕಡು, ನವೆಂಬರ್‌ನಿಂದ ಫೆಬ್ರವರಿ ಹಿತ. ಸೋಮವಾರ ಪ್ರತಿಮೆಯ ವೀಕ್ಷಣೆಗೆ ರಜೆ, ಭಾನುವಾರ ಜನಸಂದಣಿ. ಗ್ಯಾಲರಿಯ ಟಿಕೆಟನ್ನು ಮೊದಲೇ ಪಡೆದಿರಬೇಕು. ಮರಳುವಾಗ ನಡುರಾತ್ರಿ ಆಗುವುದರಿಂದ ಕಾಲುಪುರದಿಂದ ಮನೆ ಸೇರಲು ವಾಹನದ ಏರ್ಪಾಡು ಮೊದಲೇ ಆಗಬೇಕು, ವಯಸ್ಸಾದವರ ಔಷಧಿಯ ಡಬ್ಬಿ ಕೈಚೀಲದಲ್ಲೇ ಇರಬೇಕು.

ನಿಜವಾದ ಉಗಿಯ ಸದ್ದನ್ನೇ ಮಕ್ಕಳಿಗೆ ಕೇಳಿಸಬೇಕೆಂಬ ಹಂಬಲವುಳ್ಳವರಿಗೆ ಊರಿಗೆ ಹೋದಾಗ ಅವಕಾಶವಿದೆ. ಮೈಸೂರಿನಿಂದ ಊಟಿಯ ದಾರಿ ಹಿಡಿದರೆ ಮೆಟ್ಟುಪಾಳಯಂ ಮತ್ತು ಕೂನೂರು ನಡುವೆ ನೀಲಗಿರಿಯ ಹಲ್ಲುಹಳಿಯನ್ನು ಉಗಿ ಇಂಜಿನ್‌ಗಳು ಏರುತ್ತವೆ. ಯುನೆಸ್ಕೋ 2005ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಮೈಸೂರಿನಲ್ಲೇ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಇಂಜಿನ್‌ಗಳನ್ನು ಕೈಯಿಂದ ಮುಟ್ಟಿ ನೋಡಬಹುದು. ಅಷ್ಟು ದೂರವೇಕೆ, ವಡೋದರದ ಬಾಂಧವರಿಗೆ ಪ್ರತಾಪನಗರದ ರೈಲ್ವೆ ಪಾರಂಪರಿಕ ಉದ್ಯಾನ ಮನೆಯಂಗಳದಲ್ಲೇ ಇದೆ. ಅಲ್ಲಿರುವ ನ್ಯಾರೋಗೇಜ್ ಇಂಜಿನ್‌ಗಳು ವೇಷದವಲ್ಲ, ದುಡಿದು ದಣಿದು ನಿಂತವು.

ಏಕತಾ ನಗರದಿಂದ ಮರಳುವ ಗಾಡಿಯಲ್ಲಿ ಹೊರಗೆ ಕತ್ತಲೆ, ಕಿಟಕಿಯಲ್ಲಿ ನೋಡಲು ಏನೂ ಇರುವುದಿಲ್ಲ. ಮಿರಜ್‌ನಲ್ಲಿ ಟ್ರಂಕು ಎಣಿಸಿದ ಕಥೆ, ಕಣ್ಣಿಗೆ ಬಿದ್ದ ಇದ್ದಿಲ ಕಿಡಿಯ ಕಥೆ, ಮೊದಲ ಸಲ ಗುಜರಾತಿನ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಭಾಷೆ ಬಾರದೆ ಕಂಗಾಲಾದ ಕಥೆ, ಇವೆಲ್ಲ ಹೊರಬರಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರಿಲ್ಲ. ಅಂತ್ಯಾಕ್ಷರಿ, ಹೌಸಿ ಆಟಗಳು ಇರಲಿ. ಅವುಗಳ ನಡುವೆ ಒಂದು ಗಂಟೆಯನ್ನು ಹಿರಿಯರಿಗೆಂದು ಎತ್ತಿಟ್ಟು, ಅವರ ಮಾತನ್ನು ಮಕ್ಕಳೇ ತಮ್ಮ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಸಂಘದ ಮುಂದಿನ ಸ್ಮರಣ ಸಂಚಿಕೆಗೆ ಬೇರೆ ಲೇಖನ ಹುಡುಕಬೇಕಾಗಿಲ್ಲ. ಪ್ರತಿಮೆ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಉಗಿಬಂಡಿಯಲ್ಲಿ ಊರಿನಿಂದ ಬಂದವರು ಪ್ರತಿ ವರ್ಷದ ವಿಹಾರಕ್ಕೂ ಬರಲಾರರು. ಸಮಿತಿಯವರು ಹೆಸರು ಬರೆದುಕೊಳ್ಳುವಾಗ ಮೊದಲ ಸಾಲಿನ ಆಸನಗಳನ್ನು ಅವರಿಗೇ ಮೀಸಲಿಡಲಿ.